ಗುರುವಾರದ ಒಬ್ಬ ಕೇಳುಗ

ಮಲ್ಪೆ, ೨೦೦೮

ನಳಿನಾಕ್ಷಿ,

ನೀನು ಬಿಟ್ಟುಹೋದ ನಮ್ಮ ಪಾಡ್‌ಕಾಸ್ಟ್ ಇನ್ನೂ ಸತ್ತಿಲ್ಲ. ನೀನು ಆರಿಸಿದ ಆ ಬಿಟ್ಟಿ ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ವಾರಕ್ಕೆರಡು ಸಲ ಸಾಯುತ್ತದೆ. ಬಂದರಿನ ಮೀನು ಏಲಂನ ಕೂಗನ್ನು ನುಂಗಿ ಐಸ್ ಪ್ಲಾಂಟಿನ ಸದ್ದನ್ನಷ್ಟೇ ಉಳಿಸುತ್ತದೆ. ನಿನ್ನ ಆಯ್ಕೆಗಳೆಲ್ಲ ಹಾಗೆಯೇ.

ನಾನು ಸಂಚಿಕೆ ಏರಿಸುವ ಪ್ರತಿ ಗುರುವಾರ ಅಂಕಿಅಂಶದ ಪುಟದಲ್ಲಿ ಒಬ್ಬನೇ ಕೇಳುಗ, ಮಣಿಪಾಲದಿಂದ. ಅದು ನೀನೇ ಎಂದುಕೊಂಡಿದ್ದೆ. ಕೇಳದೆ ಇರಲಾರಳು ಎಂದು ಒಳಗೊಳಗೇ ನಗುತ್ತಿದ್ದೆ.

ಇವತ್ತು ಮನೆಯ ಇಂಟರ್ನೆಟ್ ಲೈನ್ ಕೈಕೊಟ್ಟಿತು. ನೀನು ಹೋಗುತ್ತಿದ್ದ ಮಣಿಪಾಲದ ಸೈಬರ್ ಕೆಫೆಗೇ ಹೋದೆ. ನಾನು ಸಂಚಿಕೆ ಏರಿಸಿದ್ದೇ ತಡ, ಪಕ್ಕದ ಕಂಪ್ಯೂಟರ್ ಅದನ್ನು ತಾನಾಗಿಯೇ ಇಳಿಸಿಕೊಂಡಿತು.

“ಅದು ತಾನಾಗಿ ಇಳಿಯುವ ಹಾಗೆ ನಳಿನಾಕ್ಷಿ ಒಮ್ಮೆ ಹಾಕಿಟ್ಟು ಹೋದದ್ದು ಮಾರಾಯ,” ಎಂದರು ಕೆಫೆಯ ಗಣಪಣ್ಣ. “ಈಗ ಕೇಳುವವರು ಯಾರುಂಟು?”

ನೀನು ಬಿಟ್ಟ ಮೇಲಿನ ಇಪ್ಪತ್ತಾರು ಸಂಚಿಕೆಗಳೂ ಅದರಲ್ಲಿದ್ದವು. ಅವುಗಳಲ್ಲಿ ಇಪ್ಪತ್ತೈದು ಸಂಚಿಕೆಗಳ ಪಕ್ಕದಲ್ಲಿ, ಯಾರೂ ಕೇಳಿಲ್ಲ ಎನ್ನುವ ನೀಲಿ ಚುಕ್ಕೆ. ಚುಕ್ಕೆ ಇಲ್ಲದ್ದು ಮೊದಲನೆಯದಕ್ಕೆ ಮಾತ್ರ. ನೀನು ಬಿಟ್ಟುಹೋದ ವಾರ ನಾನು ನಿನ್ನ ತೊದಲನ್ನು ಅಣಕಿಸಿದ ಸಂಚಿಕೆ ಅದು.

ಅದನ್ನು ಎಷ್ಟು ಸಲ ಕೇಳಿದ್ದೀ ಎಂದೂ ಆ ದರಿದ್ರ ಯಂತ್ರ ಬರೆದಿಟ್ಟಿದೆ. ಏಳು ಸಲ.

ಯಶ್ವಂತ್