ಗಂಡಿನ ಊರಿನ ಹೊಳೆ

ಗುದೈಬಿಯಾ, ಬಹರೈನ್
೧೪ ಮಾರ್ಚ್ ೨೦೦೮, ಶುಕ್ರವಾರ

ಪ್ರೀತಿಯ ಮೊಮ್ಮಗಳು ಹುದಾಳಿಗೆ ಅಜ್ಜನ ಸಲಾಮ್.

ನಿನ್ನ ಉಮ್ಮನ ಮೂರು ಕಾಗದ ಬಂದರೂ ಒಂದಕ್ಕೂ ಉತ್ತರ ಬರೆಯಲಿಲ್ಲ. ಉಳ್ಳಾಲದ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬಂದಿರಬಹುದು. ತಪ್ಪು ನನ್ನದೇ. ನಿನ್ನ ಅಪ್ಪ ಬದುಕಿದ್ದರೆ ಈ ಮದುವೆಗೆ ಒಪ್ಪಿಗೆ ಕೊಡುವ ಹಕ್ಕು ಅವನದು. ಅವನಿಲ್ಲದ ಮೇಲೆ ನಿನ್ನ ವಲಿಯಾಗಿ, ಹೆಣ್ಣಿನ ಕಡೆಯ ಹಿರಿಯನಾಗಿ, ಹೂಂ ಎನ್ನಬೇಕಾದವನು ನಾನು. ಎರಡು ತಿಂಗಳಿಂದ ಅದು ಬಾಯಿಗೆ ಬರುತ್ತಿಲ್ಲ. ಬರೆಯಲು ಕೂರುತ್ತೇನೆ, ಏಳುತ್ತೇನೆ, ಕೆಳಗಿಳಿದು ಗಲ್ಲಿ ಸುತ್ತಿ ಬಂದು ಮತ್ತೆ ಕೂರುತ್ತೇನೆ. ಈ ಹಾಳೆಯಲ್ಲೇ ಎರಡು ಬಣ್ಣದ ಶಾಯಿ ಇದೆ, ನೋಡು.

ಫವಾಝ್ ಒಳ್ಳೆಯ ಹುಡುಗನಂತೆ. ಪನಾಮಾ ದೇಶದ ಕೊಲೋನ್ ಪಟ್ಟಣದಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾನೆ, ನಿನ್ನನ್ನೂ ಅಲ್ಲಿಗೇ ಕರೆದೊಯ್ಯುತ್ತಾನೆ. ನನ್ನ ಅಪ್ಪ ಹೇಳುತ್ತಿದ್ದರು: ಹೆಣ್ಣು ಕೊಡುವ ಮೊದಲು ಹುಡುಗನ ಮನೆಗೆ ಹೋಗಿ ಬಾವಿಯ ನೀರು ಕುಡಿದು ಬರಬೇಕು, ಅದೂ ಬೇಸಿಗೆಯಲ್ಲಿ, ಮೊದಲೇ ತಿಳಿಸದೆ. ಕೊಲೋನಿಗೆ ನಾನು ಹೇಗೆ ಹೋಗಲಿ? ಹುಡುಗನಿಗೇ ಫೋನ್ ಮಾಡಿ ಕುಡಿಯುವ ನೀರು ಎಲ್ಲಿಂದ ಎಂದು ಕೇಳಿದೆ. ನಕ್ಕುಬಿಟ್ಟ.

"ಚಾಗ್ರೆಸ್ ನದಿಯಿಂದ, ಅಜ್ಜ. ನಲ್ಲಿ ತಿರುಗಿಸಿದ್ರೆ ಬರ್ತದೆ. ಹುದಾ ಕೊಡ ಹೊರಲಿಕ್ಕಿಲ್ಲ."

ಅಂದಿನಿಂದ ಆ ನದಿಯ ಬೆನ್ನು ಹತ್ತಿದೆ. ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ನಾನು ಚಹಾ ಮಾಡಿಕೊಡುವ ಬ್ಯಾಂಕಿನಲ್ಲಿ ಸುಪ್ರೀತಾ ಎಂಬ ಮಂಗಳೂರಿನ ಹುಡುಗಿ ಇದ್ದಾಳೆ. ಅವಳು ಕಂಪ್ಯೂಟರಿನಿಂದ ತೆಗೆದುಕೊಟ್ಟ ಹಾಳೆಗಳನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ನಾಲ್ಕನೇ ಕ್ಲಾಸಿನವನ ಇಂಗ್ಲಿಷು, ದಿನಕ್ಕೆ ಅರ್ಧ ಪುಟ.

ಚಾಗ್ರೆಸ್ ಹುಟ್ಟುವುದು ಕಾಡು ತುಂಬಿದ ಬೆಟ್ಟದಲ್ಲಿ. ಹಿಂದೆ ಅದು ಕೆರಿಬಿಯನ್ ಕಡಲೊಂದಕ್ಕೇ ಸೇರುತ್ತಿತ್ತು. ಪೆರುವಿನ ಬೆಳ್ಳಿ ಬಂಗಾರವನ್ನು ಸ್ಪೇನಿನವರು ಹೇಸರಗತ್ತೆಗಳ ಮೇಲೆ ಕ್ರೂಸೆಸ್ ಎಂಬ ಊರಿನವರೆಗೆ ತಂದು, ಅಲ್ಲಿಂದ ದೋಣಿಯಲ್ಲಿ ಇಳಿಸುತ್ತಿದ್ದರಂತೆ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂದು ಓಡಿದವರು ಅದೇ ಹೊಳೆಯಲ್ಲಿ ಮೇಲಕ್ಕೆ ಹೋದರು. ಮರ ಕೊರೆದು ಮಾಡಿದ ದೋಣಿ, ಗಳ ಊರಿ ನಡೆಸುವ ಅಲ್ಲಿಯ ಅಂಬಿಗರು. ಎಷ್ಟೋ ಜನ ದಾರಿಯಲ್ಲೇ ಜ್ವರದಿಂದ ಸತ್ತರು.

ಇದನ್ನು ರೂಮಿನಲ್ಲಿ ಗಟ್ಟಿಯಾಗಿ ಓದಿದಾಗ ಮುಂಡಪ್ಪ ಎದ್ದು ಕೂತ. ಬಂಟ್ವಾಳದ ಎಲೆಕ್ಟ್ರಿಷಿಯನ್, ಅವನ ಅಪ್ಪ ನೇತ್ರಾವತಿಯಲ್ಲಿ ಹಂಚು ಸಾಗಿಸುವ ದೋಣಿ ನಡೆಸಿದವರು.

"ಎದುರು ನೀರಿಗೆ ಗಳ ಊರುವುದು ಅಂದ್ರೆ ತಮಾಷೆಯಾ, ಶರೀಫಾಕ? ಅಪ್ಪನ ಹೆಗಲು ಇಲ್ಲಿ ಜಡ್ಡುಗಟ್ಟಿತ್ತು." ಮತ್ತೆ ಅವನೇ, "ಅಲ್ಲ ಮಾರಾಯ್ರೆ, ಹುಡುಗನನ್ನು ಬಿಟ್ಟು ಹೊಳೆ ನೋಡ್ತಾ ಕೂತಿದ್ದೀರಲ್ಲ. ಮದುವೆ ಯಾರಿಗೆ, ಹೊಳೆಗಾ?"

ನಕ್ಕೆ. ಆದರೆ ಓದು ನಿಲ್ಲಿಸಲಿಲ್ಲ. ಕಾಲುವೆ ಮಾಡಲು ಅಮೆರಿಕದವರು ಆ ಹೊಳೆಗೆ ಕಟ್ಟೆ ಕಟ್ಟಿದರು. ದೊಡ್ಡ ಸರೋವರವಾಯಿತು, ಊರುಗಳು ಮುಳುಗಿದವು, ಕ್ರೂಸೆಸ್ ಕೂಡ. ಈಗ ಹಡಗುಗಳು ನೀರಿನ ಮೆಟ್ಟಿಲು ಹತ್ತಿ ಇಳಿದು ಒಂದು ಕಡಲಿನಿಂದ ಇನ್ನೊಂದಕ್ಕೆ ಸಾಗುತ್ತವೆ. ಒಂದು ಹಡಗು ದಾಟಲು ಇಪ್ಪತ್ತು ಕೋಟಿ ಲೀಟರಿನಷ್ಟು ಸಿಹಿನೀರು ಕಡಲಿಗೆ ಹೋಗುತ್ತದಂತೆ! ಒಂದೇ ಹೊಳೆ, ಎರಡು ಸಮುದ್ರಕ್ಕೆ ಹರಿಯುತ್ತದೆ. ಹಾಗಿದ್ದೂ ಎರಡು ಪಟ್ಟಣಗಳಿಗೆ ಕುಡಿಯಲು ಉಳಿಯುತ್ತದೆ. ನೀರಿನ ವಿಷಯದಲ್ಲಿ ನನ್ನ ತಕರಾರಿಲ್ಲ.

ಆದರೂ ನಿದ್ದೆ ಬರುತ್ತಿಲ್ಲ. ನಿನ್ನೆ ಉಮ್ಮನ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ಹುಡುಗನ ಸಂಬಳ ಇದೆ, ಮನೆತನ ಇದೆ, ಮೇ ತಿಂಗಳ ತಾರೀಕೂ ಇದೆ. ನಿನ್ನ ಬಗ್ಗೆ ಇರುವುದು ಒಂದೇ ಸಾಲು: "ಹುದಾ ಸುಮ್ಮನಿದ್ದಾಳೆ, ಅಂದರೆ ಒಪ್ಪಿಗೆಯೇ." ನಮ್ಮಲ್ಲಿ ಹುಡುಗಿಯ ಮೌನವನ್ನು ಹಾಗೇ ಲೆಕ್ಕ ಹಿಡಿಯುತ್ತಾರೆ. ನಾನು ಹಿಡಿಯಲಾರೆ. ಬೇಕೋ ಬೇಡವೋ, ನಿನ್ನ ಕೈಯಾರೆ ಬರೆ. ಉಮ್ಮನಿಗೆ ತೋರಿಸಬೇಡ, ನೀನೇ ಅಂಚೆಗೆ ಹಾಕು. ಅದು ಬರುವವರೆಗೆ ನಾನು ಹೂಂ ಎನ್ನುವುದಿಲ್ಲ. ಯಾರಾದರೂ ಬೈದರೆ, ಅಜ್ಜನಿಗೆ ಅರಳು ಮರಳು ಎಂದುಬಿಡು.

ಅಲ್ಲಾಹು ನಿನಗೆ ಆಯುಸ್ಸು, ಆರೋಗ್ಯ, ಬಾಯಿಬಿಟ್ಟು ಮಾತಾಡುವ ಧೈರ್ಯ ಕೊಡಲಿ.

ನಿನ್ನ ಅಜ್ಜ,
ಮುಹಮ್ಮದ್ ಶರೀಫ್

ಬರೆಯದೆ ಬಿಟ್ಟದ್ದು: ಫೋನಿನಲ್ಲೇ ಕೇಳಬಹುದಿತ್ತಲ್ಲ ಎಂದುಕೊಳ್ಳುತ್ತೀ. ಹದಿನೇಳು ವರ್ಷದ ಹಿಂದೆ, ನನ್ನ ಮಗಳು, ನಿನ್ನ ಝುಬೈದಾ ಮಾಮಿಯ ನಿಕಾಹಿನ ಹಿಂದಿನ ದಿನ, ಇಲ್ಲಿಂದ ಅವಳಿಗೆ ಫೋನ್ ಮಾಡಿದ್ದೆ. ರಜೆ ಸಿಗದೆ ಹುಡುಗನ ಮನೆಯನ್ನೂ ನೋಡಿರಲಿಲ್ಲ. ಅವಳು, "ಉಪ್ಪಾ, ನನಗೆ ಬೇಡ" ಅಂದಳು. ಊರಿಗೆಲ್ಲ ಮದುವೆಯ ಹೇಳಿಕೆಯಾಗಿತ್ತು, ಚಪ್ಪರ ಏರಿತ್ತು. ನಾನು, "ಹಲೋ, ಹಲೋ, ಲೈನು ಸರಿಯಿಲ್ಲ, ಕೇಳಿಸುತ್ತಿಲ್ಲ" ಎಂದು ಇಟ್ಟುಬಿಟ್ಟೆ. ಕೇಳಿಸಿತ್ತು, ಹುದಾ. ಪಕ್ಕದಲ್ಲಿ ನಿಂತು ಹೇಳಿದಷ್ಟು ಚೆನ್ನಾಗಿ ಕೇಳಿಸಿತ್ತು. ನಾಲ್ಕು ವರ್ಷಕ್ಕೆ ಅವಳು ತವರಿಗೆ ಹಿಂದಿರುಗಿದಳು. ನನ್ನ ಫೋನ್ ಬಂದರೆ ಇಂದಿಗೂ ಮಾತಾಡದೆ ನಿನ್ನ ಕೈಗೆ ಕೊಡುತ್ತಾಳಲ್ಲ, ಯಾಕೆಂದು ನೀನು ಕೇಳಿದ್ದೆ. ಅದಕ್ಕೇ. ನೀನು ಕಾಗದದಲ್ಲಿ ಬರೆ. ಬರೆದದ್ದನ್ನು ಕೇಳಿಸಲಿಲ್ಲ ಎನ್ನಲು ನನ್ನಿಂದಾಗದು.