ನೀರುನಾಯಿಗೆ ಬಂದ ನೋಟಿಸು

ಬೀದಿನಾಯಿ ನಿಯಂತ್ರಣ ವಿಭಾಗದ ಮಾನ್ಯ ಅಧಿಕಾರಿಗಳೇ,

ತಮ್ಮ ನೋಟಿಸು ತಲುಪಿತು. ನಾನು ಹರಿಹರದ ಹೊಳೆದಂಡೆಯಲ್ಲಿ ಪರವಾನಗಿಯಿಲ್ಲದೆ ಒಂದು ಹೆಣ್ಣುನಾಯಿ, ಒಂದು ಮರಿ ಸಾಕಿದ್ದೇನಂತೆ. ಹದಿನೈದು ದಿನದೊಳಗೆ ಎರಡಕ್ಕೂ ಕೊರಳಪಟ್ಟಿ ಕಟ್ಟಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಾಜರುಪಡಿಸಬೇಕಂತೆ. ನನ್ನದೇನೂ ಅಭ್ಯಂತರವಿಲ್ಲ. ಆದರೆ ಅವು ತುಂಗಭದ್ರೆಯೊಳಗಿವೆ, ಮತ್ತು ಅವು ನಾಯಿಗಳಲ್ಲ, ನೀರುನಾಯಿಗಳು.

ನಡೆದದ್ದು ಹೇಳುತ್ತೇನೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಹಗ್ಗ, ಬಲೆ ಮಾರುವ ಅಂಗಡಿ ನನ್ನದು. ಕಳೆದ ತಿಂಗಳು ಒಂದು ಬೆಳಿಗ್ಗೆ ಹರಿಹರಕ್ಕೆ ಬಲೆ ತಲುಪಿಸಲು ಹೋಗಿದ್ದೆ. ಮೀನು ಹಿಡಿಯುವ ಬಡೇಸಾಬ್ ದಂಡೆಯಿಂದಲೇ ಕೂಗಿದರು: "ಅಮ್ಮಾರ, ಜಲ್ದಿ ಬರ್ರಿ! ಬಲ್ಯಾಗ ನೀರುನಾಯಿ ಸಿಕ್ಕೈತೆ!"

ಯಾರೋ ಬಿಸಾಕಿದ ನೈಲಾನ್ ಬಲೆ ಕಲ್ಲಿಗೆ ಸುತ್ತಿಕೊಂಡಿತ್ತು. ಒಳಗೆ ತಾಯಿ ನೀರುನಾಯಿ, ಮೂಗಷ್ಟೇ ಮೇಲೆ ಇಟ್ಟುಕೊಂಡು ಒದ್ದಾಡುತ್ತಿತ್ತು. ದಂಡೆಯ ಮೇಲೆ ಅದರ ಮರಿ ಸೀಟಿ ಊದಿದಂತೆ ಕೂಗುತ್ತಿತ್ತು. ಬೆರಳುಗಳ ನಡುವೆ ತೆಳು ಪೊರೆ, ಚುಕ್ಕಾಣಿಯಂಥ ಬಾಲ ಇದ್ದ ಮಾತ್ರಕ್ಕೆ ಅದು ಮೀನಾಗುವುದಿಲ್ಲ, ಸ್ವಾಮಿ. ನಮ್ಮ ನಿಮ್ಮ ಹಾಗೆ ಮರಿಗೆ ಹಾಲೂಡಿಸುವ ಪ್ರಾಣಿ. ನಮ್ಮ ನಿಮ್ಮ ಹಾಗೆಯೇ ಮುಳುಗಿ ಸಾಯುತ್ತದೆ.

ಬೇರೆ ಯಾರ ನಂಬರೂ ಇರದೆ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

"ಯಾವ ವಾರ್ಡ್ ರೀ?"

"ವಾರ್ಡ್ ಅಲ್ರೀ, ಹೊಳೆ."

"ಯಾರಿಗಾರ ಕಚ್ಚೈತೇನು?"

"ಇಲ್ರೀ, ಅದು ನೀರುನಾಯಿ. ತಾಯಿ, ಒಂದು ಮರಿ."

"ಆತು, ನಾಯಿ ಅಂತ ಬರ್ಕೊಂಡೆ. ಹೆಸ್ರು ಹೇಳ್ರಿ."

ನನ್ನ ಹೆಸರು ಹೇಳಿದೆ. ಅದು ಮಾಲೀಕರ ಕಾಲಮ್ಮಿಗೆ ಹೋಗಿದೆಯೆಂದು ನೋಟಿಸು ಬಂದ ಮೇಲೆ ತಿಳಿಯಿತು.

ಬಡೇಸಾಬ್ ಕಾಯಲಿಲ್ಲ. ಬ್ಲೇಡು ಹಿಡಿದು ಎದೆಮಟ್ಟದ ನೀರಿಗೆ ಇಳಿದರು. "ಹೆದರಬ್ಯಾಡವ್ವ, ನಿನ್ ಮಗೀನ್ ಹತ್ರಾನೇ ಕಳಿಸ್ತೀನಿ" ಎನ್ನುತ್ತ ಒಂದೊಂದೇ ಎಳೆ ಕೊಯ್ದರು. ಅದು ಅವರ ತೋಳಿನ ಬಟ್ಟೆಗೆ ಬಾಯಿ ಹಾಕಿ ಹರಿದುಬಿಟ್ಟಿತು. ಕೊನೆಯ ಎಳೆ ಬಿಟ್ಟದ್ದೇ ದಂಡೆಗೆ ಹಾರಿ, ಮರಿಯ ಕತ್ತು ಕಚ್ಚಿಕೊಂಡು ಹೊಳೆಯಂಚಿನ ಆಪುಹುಲ್ಲಿನೊಳಗೆ ಮಾಯವಾಯಿತು. ನಾನು ಕೂತಲ್ಲೇ ಕೈಮುಗಿದೆ.

ಆಮೇಲೆ ಕೊಯ್ದ ಬಲೆ ಎಳೆದು ನೋಡಿದರೆ, ಅದರ ಅಂಚಿನಲ್ಲಿ ನಮ್ಮ ಅಂಗಡಿಯದೇ ಬಿಲ್ಲೆ. ಅದನ್ನು ಅವರಿಗೆ ತೋರಿಸಿದೆ. ಬಡೇಸಾಬ್ ಅಂದರು: "ನೀವು ಮಾರೀರಿ, ನಾವು ಬಿಸಾಕೀವಿ. ಇಬ್ರದ್ದೂ ತಪ್ಪೈತೆ ಬಿಡ್ರಿ."

ಎರಡು ತಾಸಿನ ಮೇಲೆ ತಮ್ಮ ವ್ಯಾನು ಬಂತು. ಸಿಬ್ಬಂದಿ ಕುಣಿಕೆ ಕೋಲು ಹಿಡಿದು, ಬಿಸ್ಕತ್ತು ತೋರಿಸಿ, ಹೊಳೆಗೆ "ಚೂ ಚೂ" ಎಂದು ಕರೆದರು. ಹೊಳೆ ಬರಲಿಲ್ಲ. ಪುಸ್ತಕದಲ್ಲಿ "ಪರಾರಿ" ಎಂದು ಬರೆದುಕೊಂಡು ಹೋದರು.

ಹೆಸರೊಂದನ್ನೇ ನಂಬಿ ಇಲಾಖೆ ನಡೆಸುವುದಾದರೆ ಮುಂದೇನು ಗತಿ? ಕತ್ತೆಕಿರುಬ ಕಂಡರೆ ಇಟ್ಟಿಗೆ ಹೊರಿಸುತ್ತೀರಾ? ಮುಳ್ಳುಹಂದಿ ಇಲಿ-ಅಳಿಲುಗಳ ಬಳಗದ್ದು. ಅದಕ್ಕೂ ಹಂದಿ ಹಿಡಿಯುವ ಗುತ್ತಿಗೆದಾರನೇ ಬರುತ್ತಾನಾ? ಬಾವಲಿಗೆ ರೆಕ್ಕೆಯಿದೆ ಎಂದು ಅದು ಮೊಟ್ಟೆ ಇಡುವುದನ್ನು ಕಾಯುತ್ತ ಕೂರುತ್ತೀರಾ? ಅದೂ ಹೆತ್ತು ಹಾಲೂಡಿಸುವ ತಾಯಿಯೇ. ಹಾಲು ಕುಡಿದು ಬೆಳೆದವರ ಸಂಸಾರ ಇಷ್ಟು ದೊಡ್ಡದು: ಹಾರುವವರು, ಈಜುವವರು, ಬಿಲ ತೋಡುವವರು, ಕುರ್ಚಿಯಲ್ಲಿ ಕೂತು ಸಹಿ ಹಾಕುವವರು. ತಮ್ಮ ನಮೂನೆಯಲ್ಲಿ ಮಾತ್ರ ಒಂದೇ ಕಾಲಮ್ಮು, ನಾಯಿ.

ಆದ್ದರಿಂದ ಮೊದಲು ಆ ನೋಟಿಸನ್ನು ಹಿಂಪಡೆಯಿರಿ. ಆಮೇಲೆ, ಬರುವ ಶನಿವಾರ ಬೆಳಿಗ್ಗೆ ಏಳಕ್ಕೆ ಒಂದು ಟ್ರ್ಯಾಕ್ಟರ್ ಕಳಿಸಿ. ಹರಿಹರದಿಂದ ಕಡರನಾಯಕನಹಳ್ಳಿಯವರೆಗೆ ದಂಡೆಗುಂಟ ಬಿದ್ದಿರುವ ಹಳೇ ಬಲೆಗಳನ್ನು ಎಳೆದು ತೆಗೆಯಲು ನಾವು ಹನ್ನೊಂದು ಜನ ಸಿದ್ಧರಿದ್ದೇವೆ. ಹನ್ನೆರಡನೆಯವರಾಗಿ ತಾವೇ ಬಂದರೆ ಬಹಳ ಸಂತೋಷ. ಪ್ಯಾಂಟು ಮಾತ್ರ ಮೊಣಕಾಲಿನವರೆಗೆ ಮಡಚಿಕೊಂಡು ಬರ್ರಿ.

ಇಂತಿ,
ತಪ್ಪಿನಲ್ಲಿ ಅರ್ಧ ಪಾಲು ಒಪ್ಪಿಕೊಂಡ
ಗಿರಿಯಮ್ಮ
ಮಂಡಿಪೇಟೆ, ದಾವಣಗೆರೆ