ನರಿಯನ್ನು ತಿದ್ದಿದ ಹುಡುಗಿಗೆ ಸಿಕ್ಕ ಸೊನ್ನೆ

ಆರಂಭಿಕ ಓದು-ಬರಹ ವಿಭಾಗದ ಮಾನ್ಯ ನಿರ್ದೇಶಕರೇ,

ಆರು ವರ್ಷಗಳ ಹಿಂದೆ ನಿಮ್ಮ ವಿಭಾಗದ ಪರೀಕ್ಷಕನಾಗಿ ಒಂದನೇ ತರಗತಿಯ ಒಬ್ಬ ಹುಡುಗಿಗೆ ಓದಿನ ಪರೀಕ್ಷೆಯಲ್ಲಿ ನಾನು ಸೊನ್ನೆ ಹಾಕಿದೆ. ಆ ಹುಡುಗಿಗೆ ಓದಲು ಬರುತ್ತಿತ್ತು. ಬರುತ್ತದೆ ಎನ್ನುವುದು ಸೊನ್ನೆ ಹಾಕುವ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ತಿದ್ದಬೇಕೆಂದು ನಿವೃತ್ತನಾದ ಮೇಲೆ ಮೂರು ಸಲ ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಎರಡನೆಯದಕ್ಕೆ ‘ಸಂಬಂಧಪಟ್ಟ ಪರೀಕ್ಷಕರಿಂದ ವಿವರಣೆ ಪಡೆದು ಲಗತ್ತಿಸಿ’ ಎಂದು ಬರೆದಿರಿ. ಸಂಬಂಧಪಟ್ಟ ಪರೀಕ್ಷಕ ನಾನೇ ಆದ್ದರಿಂದ ನನ್ನಿಂದ ನಾನೇ ವಿವರಣೆ ಪಡೆದು, ಸಹಿ ಹಾಕಿ, ಲಗತ್ತಿಸಿ ಕಳಿಸಿದೆ. ಮೂರನೆಯ ಉತ್ತರ ಒಂದೇ ಸಾಲು: ‘ತಿದ್ದುಪಡಿಗೆ ಅವಕಾಶವಿಲ್ಲ.’ ಆದ್ದರಿಂದ ಇದನ್ನು ಹತ್ತು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಓದಲು ಬರುವವರು ಇನ್ನೂ ಹತ್ತು ಜನ ಉಳಿದಿದ್ದಾರೆಂಬ ನಂಬಿಕೆಯಿಂದ.

ನನ್ನ ಕೆಲಸ ಏನಿತ್ತೆಂದು ನಿಮಗೆ ಗೊತ್ತು, ಓದುವವರಿಗೆ ಗೊತ್ತಿರಲಿಕ್ಕಿಲ್ಲ. ಹೆಗಲಿಗೊಂದು ಚೀಲ, ಅದರಲ್ಲಿ ನಿಲ್ಲಿಸುವ ಗಡಿಯಾರ, ಪೆನ್ಸಿಲ್ಲು, ಪದಗಳ ಪಟ್ಟಿ. ಶಾಲೆಯಿಂದ ಶಾಲೆಗೆ ಹೋಗಿ ಒಂದೊಂದೇ ಮಗುವನ್ನು ಎದುರು ಕೂರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಪದ ಓದುತ್ತದೆಂದು ಎಣಿಸುವುದು. ಹನ್ನೊಂದು ವರ್ಷ ಎಣಿಸಿದೆ. ಪಟ್ಟಿಯಲ್ಲಿದ್ದವು ಅರ್ಥವಿಲ್ಲದ ಪದಗಳು. ಮಗು ಕಂಠಪಾಠ ಮಾಡಿ ಮೋಸಗೊಳಿಸಬಾರದೆಂದು ನಿಮ್ಮ ವಿದ್ವಾಂಸರು ಒಳ್ಳೆಯ ಪದಗಳನ್ನೇ ಹಿಡಿದು, ಅಕ್ಷರಗಳನ್ನು ಅದಲುಬದಲು ಮಾಡಿ, ‘ರಿನ’, ‘ಲಬಾ’, ‘ಲುಹಾ’, ‘ಕೆಮಡ’ ಎಂದೆಲ್ಲ ತಯಾರಿಸಿದ್ದರು. ಅದರ ಹಿಂದಿನ ತರ್ಕ ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಅಕ್ಷರ ಗೊತ್ತಿದ್ದವರು ಅರ್ಥವಿಲ್ಲದ್ದನ್ನೂ ಓದಬಲ್ಲರು. ನಿಮ್ಮ ಸುತ್ತೋಲೆಗಳನ್ನು ನಾವೆಲ್ಲ ಓದುತ್ತಿರಲಿಲ್ಲವೇ?

ಪಾಠಕ್ಕೂ ಒಂದು ಕ್ರಮವಿತ್ತು. ಮೊದಲ ವರ್ಷ ಅಕ್ಷರಮಾಲೆ ಮತ್ತು ಕಾಗುಣಿತ ಮಾತ್ರ. ಒತ್ತಕ್ಷರ ಎರಡನೇ ವರ್ಷದ ಕೊನೆಗೆ. ಈ ಕ್ರಮ ರೂಪಿಸಿದ ಸಮಿತಿಯಲ್ಲಿ ಯಾರಿಗೂ ಹೊಳೆಯದ ಒಂದು ಸಂಗತಿಯಿದೆ. ಒತ್ತಕ್ಷರವಿಲ್ಲದೆ ಅಮ್ಮ ಇಲ್ಲ. ಅಪ್ಪ ಇಲ್ಲ. ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ ಯಾರೂ ಇಲ್ಲ. ನಿಮ್ಮ ಕ್ರಮದಂತೆ ಕಲಿತ ಐದು ವರ್ಷದ ಮಗು ಮೊದಲು ಬರೆಯಬಹುದಾದ ಬಂಧುಗಳೆಂದರೆ ಮಾವ, ಸೊಸೆ, ಮೈದುನ ಮತ್ತು ನಾದಿನಿ. ಇದನ್ನು ನಗಿಸಲು ಹೇಳುತ್ತಿಲ್ಲ. ನಾನು ಹೋದ ಶಾಲೆಗಳಲ್ಲಿ ನಿಜಕ್ಕೂ ‘ಮೈದುನ’ ಎಂದು ಇಪ್ಪತ್ತು ಸಲ ಬರೆದ ಸ್ಲೇಟುಗಳನ್ನು ನೋಡಿದ್ದೇನೆ. ಮೈದುನ ಅಂದರೆ ಏನೋ ಎಂದು ಒಬ್ಬನನ್ನು ಕೇಳಿದೆ. ‘ಅದು ಬರೆಯೋದು’ ಅಂದ.

ಈಗ ಆ ಶಾಲೆಗೆ ಬರುತ್ತೇನೆ. ಬಸ್ ಡಿಪೋ ಹಿಂದಿನ ಒಂದು ಉದ್ದನೆಯ ಕೋಣೆ, ನಡುವೆ ತಗಡಿನ ಅಡ್ಡಗೋಡೆ. ಬಸ್ಸು ಹಿಂದೆ ಬರುವಾಗ ಕಂಡಕ್ಟರು ಹೊಡೆಯುವ ಸೀಟಿಗೆ ಮಕ್ಕಳು ತಲೆ ಎತ್ತುವುದನ್ನೇ ಬಿಟ್ಟಿದ್ದರು. ಒಂದನೇ ತರಗತಿಗಿದ್ದ ಟೀಚರ್ ಐವತ್ತು ದಾಟಿದವರು, ಕುಳ್ಳಗೆ, ಯಾವಾಗಲೂ ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ನೆಲದ ಮೇಲೇ ಕೂರುತ್ತಿದ್ದರು. ಮಕ್ಕಳು ಅವರನ್ನು ಕಥೆ ಟೀಚರ್ ಅನ್ನುತ್ತಿದ್ದರು. ಅವರು ಅ ಆ ಇ ಈ ಎಂದು ಶುರು ಮಾಡುತ್ತಿರಲಿಲ್ಲ. ಮಕ್ಕಳ ಮನೆಗಳಲ್ಲಿ ಹಿಂದಿನಿಂದ ಹೇಳಿಕೊಂಡು ಬಂದ ಕಥೆಗಳನ್ನು ತರಿಸುತ್ತಿದ್ದರು. ಅಜ್ಜಿಯೋ ಅಪ್ಪನೋ ಬಂದು ಹೇಳುವುದು, ಇವರು ಅದನ್ನು ಮತ್ತೆ ಮತ್ತೆ ಹೇಳುವುದು, ಬಾಯಿಗೆ ಬಂದ ಮಾತನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚುವುದು.

ನಾನು ಅಲ್ಲಿಗೆ ಹೋದ ವಾರ ಗೋಡೆಯ ಮೇಲಿದ್ದದ್ದು ಇಸ್ತ್ರಿಯವನು ಹೇಳಿದ ಕಥೆ. ಡಿಪೋ ಎದುರು ಇಸ್ತ್ರಿ ಅಂಗಡಿ ಇಟ್ಟವನು. ಅವನ ಮಗಳು ಆ ತರಗತಿಯಲ್ಲಿದ್ದಳು. ಅವನಿಗೆ ಓದು ಬರಹ ಬಾರದು. ಶಾಲೆಗೆ ಬಂದು ಕಥೆ ಹೇಳಿ ಎಂದರೆ ಎರಡು ವಾರ ತಪ್ಪಿಸಿಕೊಂಡನಂತೆ. ಕೊನೆಗೆ ಬಂದು, ಬಾಗಿಲಲ್ಲೇ ನಿಂತು, ತನ್ನ ತಾಯಿ ಹೇಳುತ್ತಿದ್ದ ಕಥೆಯನ್ನು ಮಗಳ ಕಡೆ ನೋಡಿಕೊಂಡೇ ಹೇಳಿದನಂತೆ. ಒಂಟಿ ಅಜ್ಜಿಯ ಮನೆಗೆ ದಿನವೂ ಒಂದು ನರಿ ಬರುತ್ತದೆ. ಒಂದು ದಿನ ನೆರೆಮನೆಯವಳ ದನಿ, ಒಂದು ದಿನ ತಂಗಿಯ ದನಿ. ಅಜ್ಜಿ ಒಳಗಿಂದಲೇ, ‘ಬಾಲ ತೋರಿಸು, ಬಾಗಿಲು ತೆಗೀತೀನಿ’ ಅನ್ನುತ್ತಾಳೆ. ಗುಟ್ಟು ಬಯಲಾಯಿತೆಂದು ಬಾಲ ಮುಚ್ಚಿಕೊಳ್ಳಲು ನರಿ ಅಂಗಳದ ಮಡಕೆಯೊಳಗೆ ಅದನ್ನು ತುರುಕುತ್ತದೆ, ಬಾಲ ಸಿಕ್ಕಿಬೀಳುತ್ತದೆ, ಊರೆಲ್ಲ ಲೊಡಲೊಡ ಸದ್ದು ಮಾಡಿಕೊಂಡು ಓಡುತ್ತದೆ. ಇಷ್ಟೇ. ಆದರೆ ಮೂವತ್ತು ಮಕ್ಕಳು ಆ ಒಂದು ಮಾತನ್ನು ದಿನಕ್ಕೆ ಎಷ್ಟು ಸಲ ಹೇಳಿದರೋ! ಹೇಳಿದ ಮಾತೇ ಗೋಡೆಯ ಮೇಲೆ ಬರಹವಾಗಿ ನಿಂತಿತ್ತು. ‘ಬಾಲ’ದ ಬಾ ‘ಬಾಗಿಲಿ’ನಲ್ಲೂ ಇದೆ ಎಂದು ಮಕ್ಕಳೇ ಕಂಡುಹಿಡಿದರು. ‘ಅಜ್ಜಿ ಬಾಗಿಲು ತೆಗೆಯಲಿಲ್ಲ’ ಎಂಬ ಸಾಲಿನಲ್ಲಿ ಎರಡು ಒತ್ತಕ್ಷರಗಳಿದ್ದವು. ಅವು ಎರಡನೇ ವರ್ಷದ ಪಾಠವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಸ್ತ್ರಿಯವನ ಮಗಳು ಪಟ್ಟಿಯ ಮುಂದೆ ಬಂದು ಕೂತಳು. ಗಡಿಯಾರ ಒತ್ತಿದೆ. ಮೊದಲ ಪದ ‘ರಿನ’. ಹುಡುಗಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಹಾಳೆ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಪೆನ್ಸಿಲ್ಲು ತೆಗೆದುಕೊಂಡು ‘ರಿನ’ದ ಪಕ್ಕ ‘ನರಿ’ ಎಂದು ಬರೆದಳು. ‘ಲಬಾ’ದ ಪಕ್ಕ ‘ಬಾಲ’. ‘ಲುಹಾ’ಕ್ಕೆ ಸ್ವಲ್ಪ ಯೋಚಿಸಿ ‘ಹಾಲು’. ‘ಕೆಮಡ’ ನೋಡಿ ನಕ್ಕಳು. ಬೇಡ ಎಂದು ನಾನು ಕೈ ಹಿಡಿಯುವಷ್ಟರಲ್ಲಿ ಹನ್ನೊಂದು ಪದ ತಿದ್ದಿಯಾಗಿತ್ತು. ತುಂಬ ಮರ್ಯಾದೆಯಿಂದ, ನನಗೆ ಬೇಜಾರಾಗದ ಹಾಗೆ ಕೇಳಿದಳು: “ಇದನ್ನ ಬರೆದೋರು ಇನ್ನೂ ಕಲೀತಾ ಇದಾರಾ ಸಾರ್?”

ನಿಯಮ ಏಳು: ಮುದ್ರಿತ ಪದವನ್ನು ಬದಲಿಸಿ ಹೇಳಿದರೆ ತಪ್ಪು. ನಿಯಮ ಒಂಬತ್ತು: ಮಗು ಹಾಳೆಯನ್ನು ಮುಟ್ಟಿದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸತಕ್ಕದ್ದು. ನಾನು ನಿಲ್ಲಿಸಿದೆ. ಅಂಕದ ಕಾಲಮ್ಮಿನಲ್ಲಿ ಸೊನ್ನೆ ಬರೆದು, ಷರಾದಲ್ಲಿ ‘ಮಗು ಸಹಕರಿಸುವುದಿಲ್ಲ’ ಎಂದು ಬರೆದೆ. ಹುಡುಗಿ ಎದ್ದು ಹೋಗಿರಲಿಲ್ಲ. ನನ್ನ ಪಕ್ಕಕ್ಕೆ ಬಂದು, ನಾನು ಬರೆದದ್ದರ ಕೆಳಗೆ ಬೆರಳು ಓಡಿಸುತ್ತ, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಓದಿದಳು. ಓದಿ, “ಸಹಕರಿಸೋದು ಅಂದ್ರೆ ಏನು?” ಎಂದಳು.

ಮಾನ್ಯರೇ, ಆರು ವರ್ಷದ ಮಗು ದೊಡ್ಡವರ ಅವಸರದ ಕೈಬರಹವನ್ನು, ತನಗೆ ಗೊತ್ತೇ ಇಲ್ಲದ ಪದವನ್ನು ಒತ್ತಕ್ಷರ ಸಮೇತ ಓದಿತು. ನಿಮ್ಮ ಪಟ್ಟಿ ಅಳೆಯಲು ಹೊರಟಿದ್ದು ಇದನ್ನೇ ಅಲ್ಲವೇ? ಓದಿದ್ದಷ್ಟೇ ಅಲ್ಲ, ಓದಿದ್ದಕ್ಕೊಂದು ಅರ್ಥ ಇರಲೇಬೇಕೆಂದು ಅದನ್ನು ಕೇಳಿತು. ಟೀಚರ್ ನನ್ನ ಹತ್ತಿರ ಬಂದು, ಸಾರ್, ಒಂದು ಕಥೆ ಕೊಟ್ಟು ಓದಿಸಿ ನೋಡಿ, ಮಕ್ಕಳು ನೋಡಿರದ ಕಥೆಯೇ ಆಗಲಿ, ಎಂದು ಕೇಳಿಕೊಂಡರು. ಅದಕ್ಕೆ ಕಾಲಮ್ ಇಲ್ಲ ಎಂದೆ. ಅದು ನಿಜವೇ ಆಗಿತ್ತು. ಆದರೆ ಸೊನ್ನೆಯನ್ನು ಅಳಿಸಲು ರಬ್ಬರು ನನ್ನ ಜೇಬಿನಲ್ಲೇ ಇತ್ತು. ಆ ದಿನ ಇನ್ನೂ ಎರಡು ಶಾಲೆ ಮುಗಿಸಬೇಕಿತ್ತು. ಇದನ್ನು ವಿವರಣೆ ಎನ್ನಿ, ತಪ್ಪೊಪ್ಪಿಗೆ ಎನ್ನಿ, ನನ್ನ ಹತ್ತಿರ ಬೇರೆ ಇಲ್ಲ.

ಮೂವತ್ತು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಹೀಗೇ ಪಟ್ಟಿಯನ್ನು ತಿದ್ದಿ ಓದಿದ್ದರು. ತರಗತಿಯ ಸರಾಸರಿ ಪಾತಾಳಕ್ಕೆ ಹೋಯಿತು. ಎರಡು ತಿಂಗಳಲ್ಲಿ ನಿಮ್ಮ ಕಚೇರಿಯಿಂದ ತಂಡ ಬಂತು. ಕ್ಯಾಲೆಂಡರ್ ಹಾಳೆಗಳನ್ನು ಕಿತ್ತು ಅಕ್ಷರದ ಕಾರ್ಡುಗಳನ್ನು ತೂಗುಹಾಕಿದರು. ಕಥೆಯ ಅವಧಿಯನ್ನು ವಾರಕ್ಕೊಮ್ಮೆ, ಶನಿವಾರದ ಕೊನೆಗೆ, ‘ಸಮಯವಿದ್ದಲ್ಲಿ’ ಎಂದು ಬದಲಿಸಿದರು. ಟೀಚರನ್ನು ನಿಮ್ಮದೇ ಉಗ್ರಾಣಕ್ಕೆ ನಿಯೋಜಿಸಿದರು. ಸೊನ್ನೆ ಬಂದ ಮಕ್ಕಳಿಗೆ ನಿಧಾನ ಕಲಿಕೆಯ ಗುಂಪು ಎಂದು ಬೇರೆ ಬೆಂಚು ಹಾಕಿದರು. ಇಸ್ತ್ರಿಯವನ ಮಗಳು ಆ ಬೆಂಚಿನಲ್ಲಿ ಒಂದು ವರ್ಷ ‘ಅ’ದಿಂದ ಶುರು ಮಾಡಿದಳು. ಮುಂದಿನ ವರ್ಷ ಮತ್ತೆ ‘ಅ’ದಿಂದ.

ನಿವೃತ್ತನಾದ ಮೇಲೆ ಮಾಡಲು ಕೆಲಸವಿಲ್ಲದಾಗ ಮನಸ್ಸು ಸುಮ್ಮನಿರುವುದಿಲ್ಲ. ಮೊದಲು ಉಗ್ರಾಣಕ್ಕೆ ಹೋದೆ. ಟೀಚರ್ ಛಾವಣಿ ಮುಟ್ಟುವ ರಟ್ಟಿನ ಪೆಟ್ಟಿಗೆಗಳ ನಡುವೆ ಅಕ್ಷರದ ಕಾರ್ಡುಗಳನ್ನು ಐವತ್ತೈವತ್ತರ ಕಟ್ಟು ಮಾಡುತ್ತಿದ್ದರು. ನನ್ನನ್ನು ಗುರುತು ಹಿಡಿದರು, ಕುರ್ಚಿ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ತಪ್ಪನ್ನು ಸರಿಪಡಿಸಲು ಅರ್ಜಿ ಕೊಡುತ್ತೇನೆ, ನೀವೂ ಒಂದು ಸಹಿ ಹಾಕಿ ಎಂದೆ. ನಿವೃತ್ತಿಗೆ ಏಳು ತಿಂಗಳಿದೆ, ನೆಮ್ಮದಿಯಾಗಿ ಹೋಗಿಬಿಡುತ್ತೇನೆ ಎಂದರು. ಮೊಮ್ಮಗ ಕಥೆ ಹೇಳು ಎಂದು ಪೀಡಿಸುತ್ತಾನಂತೆ. ಇವರು ಶುರು ಮಾಡುತ್ತಾರಂತೆ. “ಅರ್ಧಕ್ಕೆ ಬಂದ ಮೇಲೆ ಮುಂದಿನದು ಬಾಯಿಗೆ ಬರಲ್ಲ ಸಾರ್. ನಲವತ್ತು ಕಥೆ ಇತ್ತು ನನ್ನ ಹತ್ರ,” ಎಂದು ಹೇಳಿ ಕಾರ್ಡಿನ ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕಿದರು.

ಅಲ್ಲಿಂದ ಇಸ್ತ್ರಿ ಅಂಗಡಿಗೆ ಹೋದೆ. ನಾನು ಯಾರೆಂದು ಹೇಳಿದ ಮೇಲೂ ಅವನು ಸಿಟ್ಟಾಗಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ನನಗೇ ಸಮಾಧಾನ ಹೇಳುವ ಹಾಗೆ ಮಾತಾಡಿದ. ತಪ್ಪು ತನ್ನದೇ ಅಂತೆ. ಪೋಷಕರ ಸಭೆಯಲ್ಲಿ ಕಚೇರಿಯವರು ಬಂದು, ಮನೆಯ ಹಳೇ ಕಥೆಗಳನ್ನು ಕೇಳಿ ಕೇಳಿ ಮಕ್ಕಳು ಊಹೆ ಮಾಡಲು ಕಲಿತಿದ್ದಾರೆ, ಅದಕ್ಕೇ ಓದು ಕೆಟ್ಟಿದೆ ಎಂದು ತಿಳಿಸಿದರಂತೆ. “ನಾನು ಆ ನರಿ ಕಥೆ ಹೇಳದೆ ಇದ್ದಿದ್ರೆ ಮಗಳಿಗೆ ಸೊನ್ನೆ ಬರ್ತಿರಲಿಲ್ಲ. ಅವತ್ತಿಂದ ಮನೇಲಿ ಕಥೆ ಹೇಳೋದು ಬಿಟ್ಟೆ. ಚಿಕ್ಕ ಮಗಳಿಗಂತೂ ಒಂದೂ ಹೇಳಿಲ್ಲ,” ಎಂದ.

ಸುಳ್ಳು ಎಂದು ನಾನು ಹೇಳಿದೆ. ಎರಡು ಮೂರು ಸಲ ಹೇಳಿದೆ. ಅವನು ತಲೆಯಾಡಿಸಿದ, ಹಿರಿಯರು ಏನೋ ಹೇಳುತ್ತಿದ್ದಾರೆ ಎಂಬಂತೆ. ಕಚೇರಿಯ ಮಾತನ್ನು ಒಬ್ಬ ಮಾಜಿ ನೌಕರ ಬೀದಿಯಲ್ಲಿ ನಿಂತು ಅಲ್ಲಗಳೆದರೆ ಯಾರು ನಂಬುತ್ತಾರೆ?

ಹುಡುಗಿ ಹಿಂದಿನಿಂದ ಮಡಿಸಿದ ಬಟ್ಟೆಗಳನ್ನು ತಂದಿಟ್ಟಳು. ಹನ್ನೆರಡು ವರ್ಷ, ಉದ್ದ ಬೆಳೆದಿದ್ದಾಳೆ. ನನ್ನ ಗುರುತು ಅವಳಿಗಿರಲಿಲ್ಲ. ಇವರು ಓದಿನ ಕಚೇರಿಯವರು ಎಂದು ಅಪ್ಪ ಹೇಳಿದ್ದೇ ತಡ, ಅವಳ ಬೆನ್ನು ನೆಟ್ಟಗಾಯಿತು. ಬಟ್ಟೆ ಸುತ್ತಲು ಇಟ್ಟಿದ್ದ ದಿನಪತ್ರಿಕೆಯ ಹಾಳೆ ತೋರಿಸಿ, ಏನಿದೆ ನೋಡಮ್ಮ ಎಂದೆ. ಅವಳು ಉಸಿರು ಎಳೆದುಕೊಂಡು ಓದಿದಳು. ಅಲ್ಪವಿರಾಮ, ಪೂರ್ಣವಿರಾಮ ಯಾವುದಕ್ಕೂ ನಿಲ್ಲಲಿಲ್ಲ. ಒಂದೇ ದನಿ, ಒಂದೇ ಓಟ, ಒಂದೂ ತಪ್ಪಿಲ್ಲ. ಎಲ್ಲೋ ಒಂದು ಸೇತುವೆ ಕುಸಿದ ಸುದ್ದಿ ಅದು. ಇನ್ನೊಂದು ಪ್ಯಾರಾ ಉಳಿದಿರುವಾಗ ಥಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿದಳು.

“ನಿಮಿಷ ಆಯ್ತಾ ಸಾರ್?”

ಸೇತುವೆಗೆ ಏನಾಗಿದೆಯಂತೆ ಎಂದು ಕೇಳಿದೆ. ಅವಳಿಗೆ ಪ್ರಶ್ನೆ ತಿಳಿಯಲಿಲ್ಲ. ಯಾವ ಸೇತುವೆ ಎಂದಳು. ಅಪ್ಪನಿಗೆ ಮಾತ್ರ ಮುಖ ಅರಳಿತ್ತು. ಈಗ ಪಟಪಟ ಓದುತ್ತಾಳೆ, ನಿಧಾನದ ಗುಂಪಿನಿಂದ ತೆಗೆದಿದ್ದಾರೆ ಎಂದ. ನಿಮ್ಮ ದಾಖಲೆಗಳಲ್ಲಿ ಅವಳು ಸುಧಾರಿಸಿದ ಮಗು. ನಿಮ್ಮ ವಾರ್ಷಿಕ ವರದಿಯ ಏರುವ ಗೆರೆಯಲ್ಲಿ ಅವಳೂ ಒಂದು ಚುಕ್ಕಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಆ ಸೊನ್ನೆಯನ್ನು ಹೊಡೆದುಹಾಕಿ, ಓದಲು ಬರುತ್ತಿತ್ತು ಎಂದು ಬರೆದು, ಅದರ ಪ್ರತಿಯನ್ನು ಇಸ್ತ್ರಿಯವನಿಗೆ ಕಳಿಸಿ. ಜೊತೆಗೆ, ತಪ್ಪು ಅವನ ಕಥೆಯದಲ್ಲ ಎಂಬ ಒಂದು ಸಾಲು, ನಿಮ್ಮ ಮೊಹರಿನೊಂದಿಗೆ. ಅವನಿಗೆ ಓದಲು ಬಾರದು, ಮಗಳು ಓದಿ ಹೇಳಬೇಕು. ಅವಳು ಒಂದೇ ಉಸಿರಿಗೆ ಓದಿ ಮುಗಿಸುತ್ತಾಳೆ, ಏನೆಂದು ಅವನಿಗೆ ಗೊತ್ತಾಗುವುದೋ ಇಲ್ಲವೋ. ಆದರೂ ಕಳಿಸಿ. ಮನೆಯಲ್ಲಿ ಚಿಕ್ಕ ಮಗಳೊಬ್ಬಳಿದ್ದಾಳೆ, ಮುಂದಿನ ವರ್ಷ ಶಾಲೆಗೆ ಸೇರುತ್ತಾಳೆ.

ಉತ್ತರ ಬರುತ್ತದೆಂಬ ಭರವಸೆ ನನಗಿಲ್ಲ. ನಿಮ್ಮ ಮೇಲೆ ಕೋಪವೂ ಅಷ್ಟಿಲ್ಲ. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ನಾನೂ ಇದನ್ನು ಕಡತಕ್ಕೆ ಸೇರಿಸಿ, ಮಧ್ಯಾಹ್ನದ ಸಭೆಗೆ ಎದ್ದು ಹೋಗುತ್ತಿದ್ದೆ.

ಇಂತಿ,
ಹನ್ನೊಂದು ವರ್ಷ ನೀವು ಹೇಳಿದ್ದಕ್ಕೆಲ್ಲ ಸಹಿ ಹಾಕಿ,
ಈಗ ತನ್ನ ಸಹಿಯನ್ನು ಯಾರೂ ಕೇಳದ
ಒಬ್ಬ ನಿವೃತ್ತ ಪರೀಕ್ಷಕ